ಕಾಗದ ಮೊದಲು ಬರಲಿ, ಜೆಸಿಬಿ ಆಮೇಲೆ

ಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಪರಿಸರಕ್ಕೆ ಸಂಬಂಧಿಸಿದ ಕಾಗದಪತ್ರಗಳು ತೀರ್ಮಾನಕ್ಕೆ ಮೊದಲೇ, ಕನ್ನಡದಲ್ಲೇ ಜನರಿಗೆ ಸಿಗಬೇಕೆಂದು ಕೋರಿ

ಮಾನ್ಯರೇ,

ನಮಸ್ಕಾರ. ನಾನು ವರ್ತೂರು ಕೆರೆ ಕಡೆಯವಳು. ಅಕ್ಕಪಕ್ಕದವರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತಿರುತ್ತೇನೆ. ಬರೆದು ಬರೆದು ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. ಈ ಊರಲ್ಲಿ ಮಾಹಿತಿ ಸಿಗುವುದೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಸಿಗುತ್ತದೆ. ಮರ ಬಿದ್ದ ಮೇಲೆ ಸಿಗುತ್ತದೆ. ರಾಜಕಾಲುವೆ ಮೇಲೆ ಸ್ಲ್ಯಾಬ್ ಹಾಕಿದ ಮೇಲೆ ಸಿಗುತ್ತದೆ. ದೂರು ಕೊಡುವ ಗಡುವು ಮುಗಿದ ಮೇಲೆ ಸಿಗುತ್ತದೆ. ಮದುವೆ ಊಟ ಮುಗಿದ ಮೇಲೆ ಜಾತಕ ತಂದುಕೊಟ್ಟ ಹಾಗೆ.

ಯಾವ ಯೋಜನೆಯನ್ನೂ ನಿಲ್ಲಿಸಿ ಅಂತ ಇಲ್ಲಿ ಕೇಳುತ್ತಿಲ್ಲ. ರಸ್ತೆ ಬೇಕು, ಮೆಟ್ರೋ ಬೇಕು, ಇರಲು ಮನೆಯೂ ಬೇಕು. ತೀರ್ಮಾನ ಆಗುವ ಮೊದಲು ಕಾಗದ ನಮ್ಮ ಕೈಗೆ ಬರಲಿ ಅನ್ನುವುದಷ್ಟೇ ನನ್ನ ಮನವಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನಿಮ್ಮ ಒಂದು ಸುತ್ತೋಲೆಯಿಂದ ಆಗುವಂಥ ಕೆಲಸವೇ ಜಾಸ್ತಿ ಇದೆ.

ದಿನಗಳ ಲೆಕ್ಕ ಹಾಕಿ ತೋರಿಸುತ್ತೇನೆ. ಕೆರೆ ಪಕ್ಕದಲ್ಲಿ ಒಂದು ದೊಡ್ಡ ವಸತಿ ಸಮುಚ್ಚಯಕ್ಕೆ ಪರಿಸರ ಅನುಮತಿ ಸಿಕ್ಕಿತು ಎಂದುಕೊಳ್ಳಿ. ಆ ಸುದ್ದಿ ಅದೇ ದಿನ ನನ್ನ ಕಿವಿಗೆ ಬಿತ್ತು ಅಂತಲೂ ಇಟ್ಟುಕೊಳ್ಳಿ. (ಹಾಗೆ ಬೀಳುವುದಿಲ್ಲ, ಇರಲಿ.) ಅದೇ ದಿನ 10 ರೂಪಾಯಿ ಶುಲ್ಕ ಕಟ್ಟಿ ಕಡತದ ನಕಲು ಕೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಉತ್ತರ ಕೊಡಲು 30 ದಿನ ಇದೆ. ಉತ್ತರ ಬರಲಿಲ್ಲ, ಅಥವಾ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂತು. ಮೊದಲ ಮೇಲ್ಮನವಿ ಹಾಕಿದೆ. ಅದಕ್ಕೆ 30 ದಿನ. ತಡವಾದದ್ದಕ್ಕೆ ಕಾರಣ ಬರೆದರೆ 45 ದಿನದವರೆಗೂ ಎಳೆಯಬಹುದು. ಅಲ್ಲಿಗೆ 75 ದಿನ ಆಯಿತು. ಅಲ್ಲೂ ಸಿಗದಿದ್ದರೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅದು ಇಷ್ಟು ದಿನದೊಳಗೆ ಮುಗಿಯಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಈಗ ಇನ್ನೊಂದು ಕಡೆಯ ಲೆಕ್ಕ. ಆ ಪರಿಸರ ಅನುಮತಿಯನ್ನು ಪ್ರಶ್ನಿಸಬೇಕಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ (ಎನ್‌ಜಿಟಿ) ಹೋಗಬೇಕು. 2010ರ ಎನ್‌ಜಿಟಿ ಕಾಯ್ದೆಯ 16ನೇ ಕಲಂ ಅದಕ್ಕೆ 30 ದಿನ ಕೊಡುತ್ತದೆ. ತಡವಾದದ್ದಕ್ಕೆ ಒಪ್ಪುವಂಥ ಕಾರಣ ಇದ್ದರೆ ಇನ್ನೂ 60 ದಿನ. ಒಟ್ಟು 90. ಆಮೇಲೆ ಬಾಗಿಲು ಮುಚ್ಚಿತು. 91ನೇ ದಿನ ಹೋದರೆ ಎಂಥ ಕಾರಣ ಕೊಟ್ಟರೂ ಕ್ಷಮಿಸುವ ಅಧಿಕಾರ ನ್ಯಾಯಮಂಡಳಿಗೇ ಇಲ್ಲ.

ಅಂದರೆ, ಎಲ್ಲವೂ ಕಾನೂನು ಪ್ರಕಾರವೇ ನಡೆದರೂ ಕಾಗದ ಓದಿ, ವಕೀಲರನ್ನು ಹುಡುಕಿ, ಅರ್ಜಿ ತಯಾರು ಮಾಡಿ, ನ್ಯಾಯಮಂಡಳಿಯ ಪೀಠ ಇರುವ ಚೆನ್ನೈಗೆ ತಲುಪಿಸಲು ನನಗೆ ಉಳಿಯುವುದು 15 ದಿನ. ಯಾರೋ ಒಬ್ಬರು ಕಡತವನ್ನು ಮೇಜಿನ ಡ್ರಾಯರ್‌ನಲ್ಲಿ ಒಂದು ತಿಂಗಳು ಜಾಸ್ತಿ ಇಟ್ಟುಕೊಂಡರೆ ಸಾಕು, ನನ್ನ ಕೇಸೇ ಇಲ್ಲ. ಯಾರೂ ಲಂಚ ತಿನ್ನಬೇಕಾಗಿಲ್ಲ, ಯಾರೂ ಸುಳ್ಳು ಹೇಳಬೇಕಾಗಿಲ್ಲ. ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ, ಹೆಚ್ಚೆಂದರೆ 25,000. ಅದನ್ನೂ ಆಯೋಗ ಹಾಕಿದರೆ ಉಂಟು. ಕೆರೆ ಅಂಗಳದಲ್ಲಿ ಎದ್ದ ಕಾಂಕ್ರೀಟು ಆ ದಂಡಕ್ಕೆ ಕರಗುತ್ತದೆಯೇ?

‘ಅನುಮತಿ ಪತ್ರ ಪರಿವೇಶ್ ಪೋರ್ಟಲ್‌ನಲ್ಲೇ ಸಿಗುತ್ತಲ್ಲ’ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಪರಿಸರ ಅನುಮತಿಗಳಿಗೆಂದು ಕೇಂದ್ರ ಸರ್ಕಾರ ಮಾಡಿದ ಆ ವೆಬ್‌ಸೈಟ್ ಬಂದದ್ದು ಒಳ್ಳೆಯದೇ ಆಯಿತು. ಮೊದಲು ಅಷ್ಟೂ ಇರಲಿಲ್ಲ. ಆದರೆ ಅಲ್ಲಿ ಇರುವುದು ಬಹುಪಾಲು ಇಂಗ್ಲಿಷಿನಲ್ಲಿ. ಸರ್ವೇ ನಂಬರ್ ಹೊಡೆದು ‘ನಮ್ಮ ಕೆರೆ ಸುತ್ತ ಏನೇನು ಬರ್ತಿದೆ’ ಅಂತ ಒಬ್ಬ ಹಾಲಿನ ವ್ಯಾಪಾರಿ ನೋಡಿಕೊಳ್ಳುವಂತೆ ಅದನ್ನು ಮಾಡಿಲ್ಲ. ನ್ಯಾಯಮಂಡಳಿಯಲ್ಲಿ ವಾದ ಮಾಡಲು ಬೇಕಾದದ್ದು ಕಡತದ ಒಳಗಿರುತ್ತದೆ: ಸ್ಥಳ ನೋಡಿ ಬಂದವರು ಬರೆದ ಟಿಪ್ಪಣಿ, ರಾಜಕಾಲುವೆ ಗುರುತು ಮಾಡಿದ ನಕ್ಷೆ, ನೀರು ಎಲ್ಲಿಂದ ತರುತ್ತೀರಿ ಎಂಬುದಕ್ಕೆ ಕೊಟ್ಟ ಉತ್ತರ. ಅನುಮತಿ ಪತ್ರದಲ್ಲಿ ಕಾಣುವುದು ಹೆಚ್ಚಾಗಿ ಷರತ್ತುಗಳೇ.

ಕಾಯ್ದೆಗಳನ್ನು ಓದಿದರೆ ನಗು ಬರುತ್ತದೆ, ಯಾಕೆಂದರೆ ಎಲ್ಲವೂ ಬರೆದೇ ಇದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ನೋಡಿ. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನ ಪ್ರಕಟಿಸುವಾಗ ಅದರ ಸಂಗತಿಗಳನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು. ತೀರ್ಮಾನಕ್ಕೆ ಕಾರಣ ಏನು ಅಂತ ಬಾಧಿತರಿಗೆ ಹೇಳಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಂಡು ಹೇಳಬೇಕು. 1974ರ ಜಲ ಕಾಯ್ದೆ ಇನ್ನೂ ಹಳೆಯದು. ಯಾವ ಕೊಳವೆಯಿಂದ ಎಂಥ ನೀರು ಬಿಡಲು ಯಾವ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದೇವೆ ಎಂಬ ವಹಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಇಡಬೇಕು, ಸಂಬಂಧಪಟ್ಟವರು ಬಂದು ನೋಡಲು ಬಿಡಬೇಕು ಅಂತ ಅದರ 25ನೇ ಕಲಂ ಹೇಳುತ್ತದೆ. ಆಗ ಕಂಪ್ಯೂಟರ್ ಇರಲಿಲ್ಲ, ಆದರೂ ಕಾನೂನು ಬರೆದವರಿಗೆ ಇದು ಹೊಳೆದಿತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಅನುಮತಿ ಪಡೆದವರು ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಅನುಮತಿ ಪತ್ರದ ಪ್ರತಿ ಸ್ಥಳೀಯ ಸಂಸ್ಥೆಗೆ ಹೋಗಬೇಕು, ಅವರು ಅದನ್ನು 30 ದಿನ ಎಲ್ಲರಿಗೂ ಕಾಣುವಂತೆ ಇಡಬೇಕು. ನಮ್ಮ ವಾರ್ಡ್ ಕಚೇರಿಯ ಗೋಡೆ ಮೇಲೆ ಡೆಂಗಿ ಪೋಸ್ಟರ್ ನೋಡಿದ್ದೇನೆ, ಆಸ್ತಿ ತೆರಿಗೆ ರಿಯಾಯಿತಿ ಪ್ರಕಟಣೆ ನೋಡಿದ್ದೇನೆ. ಇದನ್ನು ನೋಡಿದ ನೆನಪಿಲ್ಲ.

ಮೊದಲೇ ಕಾಗದ ಕೊಟ್ಟರೆ ಸರ್ಕಾರಕ್ಕೇ ಲಾಭ. ಇದನ್ನು ಸುಮ್ನೆ ಹೇಳುತ್ತಿಲ್ಲ. ಬೆಂಗಳೂರಿನ ಹೊರವಲಯದ ಪೆರಿಫೆರಲ್ ರಿಂಗ್ ರೋಡ್ ಯೋಜನೆಯ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪರಿಸರ ವರದಿಯಲ್ಲಿ ಹೋಗುವ ಮರಗಳು 200ರಿಂದ 500 ಅಂತ ಇತ್ತು. ಆಮೇಲೆ ಆ ಸಂಖ್ಯೆ 16 ಸಾವಿರ ದಾಟಿತು. ವರದಿಗೆ ಬಳಸಿದ ಅಂಕಿಅಂಶ ಹಳೆಯದು ಎಂಬ ತಕರಾರೂ ಇತ್ತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2020ರ ಮಾರ್ಚ್‌ನಲ್ಲಿ ಕೋರ್ಟ್ ಆ ಅಧ್ಯಯನದಲ್ಲಿ ದೋಷ ಇದೆ ಎಂದು ಹೇಳಿ ಹೊಸದಾಗಿ ಮಾಡಿಸಿತು. 500 ಎಲ್ಲಿ, 16 ಸಾವಿರ ಎಲ್ಲಿ! ಈ ವ್ಯತ್ಯಾಸ ಹಿಡಿಯಲು ವಿಜ್ಞಾನಿ ಬೇಕಿಲ್ಲ. ಆ ದಾರಿಯ ಹಳ್ಳಿಗಳಲ್ಲಿ ತೋಟ ಇಟ್ಟವರ ಕೈಗೆ ಕನ್ನಡದಲ್ಲಿ ಒಂದು ಪಟ್ಟಿ ಕೊಟ್ಟಿದ್ದರೆ ಒಂದೇ ಸಂಜೆಯಲ್ಲಿ ಹೇಳುತ್ತಿದ್ದರು: ‘ಸ್ವಾಮಿ, ನನ್ನ ಒಬ್ಬನ ತೋಟದಲ್ಲೇ ಇದಕ್ಕಿಂತ ಜಾಸ್ತಿ ಐತೆ’ ಅಂತ. ವರ್ಷಗಟ್ಟಲೆ ಕೋರ್ಟಿನಲ್ಲಿ ಕಳೆದ ಸಮಯ ಉಳಿಯುತ್ತಿತ್ತು. ಭೂಮಿ ಕೊಡಬೇಕಾದವರು ಅಷ್ಟೂ ವರ್ಷ ಮಾರಲೂ ಆಗದೆ, ಕಟ್ಟಲೂ ಆಗದೆ ಕೂತಿದ್ದರಲ್ಲ, ಅವರ ಕಷ್ಟವೂ ಕಡಿಮೆಯಾಗುತ್ತಿತ್ತು.

ಸುರಂಗ ರಸ್ತೆಯದೂ ಅದೇ ಪಾಠ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ, ಸುಮಾರು 17 ಕಿಲೋಮೀಟರ್, 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ. ಅದರ ವಿವರ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರು ಬಂದಿತ್ತು. ಬೆಂಗಳೂರಿನ ವರದಿಯಲ್ಲಿ! ಹೊರಗಿನವರು ಓದಿದ ಮೇಲೆ ಅದು ಎಲ್ಲರಿಗೂ ಗೊತ್ತಾಯಿತು. ಆಮೇಲೆ 2025ರಲ್ಲಿ ಲಾಲ್‌ಬಾಗ್ ಜಾಗದ ಗಲಾಟೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಹತ್ತಿರ ಸುರಂಗದ ಬಾಯಿ ಬರುತ್ತದಾ, ಬರುವುದಾದರೆ ಎಷ್ಟು ದೂರದಲ್ಲಿ ಅಂತ ಬೆಳಗಿನ ವಾಕಿಂಗ್ ಬರುವವರು ಪೇಪರ್ ನೋಡಿ ತಿಳಿದುಕೊಳ್ಳಬೇಕಾಯಿತು. ಅದೂ ಹೈಕೋರ್ಟ್ ಮೆಟ್ಟಿಲು ಹತ್ತಿತು. ಸುರಂಗ ಬೇಕೋ ಬೇಡವೋ ಅನ್ನುವುದು ಬೇರೆ ಜಗಳ. ನನಗೆ ಅದರಲ್ಲಿ ಅಭಿಪ್ರಾಯ ಇದೆ, ಇಲ್ಲಿ ಹೇಳುವುದಿಲ್ಲ.

2016ರ ಸ್ಟೀಲ್ ಫ್ಲೈಓವರ್ ನೆನಪಿದೆಯಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. ಅಕ್ಟೋಬರ್ 16ರಂದು ಜನ ಕೈಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದನ್ನು ಜನರ ಗೆಲುವು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಖುಷಿಪಟ್ಟೆ. ಆದರೆ ನನಗೆ ಒಂದು ಕಿರಿಕಿರಿ ಉಳಿದಿದೆ. ಆ ರಸ್ತೆಯಲ್ಲಿ ವಕೀಲರು ಓಡಾಡುತ್ತಾರೆ, ಪತ್ರಕರ್ತರು ಓಡಾಡುತ್ತಾರೆ, ಏರ್‌ಪೋರ್ಟಿಗೆ ಹೋಗುವವರು ಓಡಾಡುತ್ತಾರೆ. ಕ್ಯಾಮೆರಾ ಬರುತ್ತದೆ. ನಮ್ಮ ಕಡೆ ರಾಜಕಾಲುವೆ ಪಕ್ಕ ದನಕ್ಕೆ ಹುಲ್ಲು ಕೊಯ್ಯುವವರು ಕೈಕೈ ಹಿಡಿದು ನಿಂತರೆ ಯಾರು ಬರುತ್ತಾರೆ? ಮಾಹಿತಿ ಸಿಗಲು ಇಂಗ್ಲಿಷು, ಇಂಟರ್ನೆಟ್ಟು, ಪರಿಚಯ ಮೂರೂ ಬೇಕು ಅನ್ನುವ ಹಾಗಾದರೆ ಅದನ್ನು ಹಕ್ಕು ಅನ್ನುವುದು ಹೇಗೆ?

ಸಾರ್ವಜನಿಕ ಆಲಿಕೆ ಸಭೆ ಇದೆಯಲ್ಲ ಅನ್ನಬಹುದು. ಇದೆ, ಆದರೆ ಬೆಂಗಳೂರಿಗೆ ಅದು ಬಹುಪಾಲು ಇಲ್ಲ. 2006ರ ಅಧಿಸೂಚನೆ 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಎರಡು ಲಕ್ಷ ಚದರ ಅಡಿಗೂ ಮೇಲೆ. ಆದರೆ ಅದೇ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಜನರ ಅಭಿಪ್ರಾಯ ಕೇಳುವುದರಿಂದ ವಿನಾಯಿತಿ ಕೊಟ್ಟುಬಿಟ್ಟಿದೆ. ಗಣಿ ಇರುವ ಊರಲ್ಲಿ ಕನಿಷ್ಠ ಶಾಮಿಯಾನ ಹಾಕಿ, ಡಿಸಿ ಅಥವಾ ಅವರ ಕಡೆಯವರು ಕೂತು, ವೀಡಿಯೊ ಮಾಡಿ, ಕೊನೆಯಲ್ಲಿ ಜನ ಹೇಳಿದ್ದನ್ನು ಅವರ ಭಾಷೆಯಲ್ಲೇ ಓದಿ ಹೇಳಬೇಕು. ಬೆಂಗಳೂರನ್ನು ಬದಲಿಸಿದ್ದು ಗಣಿ ಅಲ್ಲ, ಅಪಾರ್ಟ್‌ಮೆಂಟು ಮತ್ತು ಟೆಕ್ ಪಾರ್ಕು. ಇವೆರಡಕ್ಕೂ ನಮ್ಮನ್ನು ಯಾರೂ ಏನೂ ಕೇಳಬೇಕಾಗಿಲ್ಲ.

ಮರಗಳ ವಿಷಯದಲ್ಲಿ ನಮ್ಮ ರಾಜ್ಯದ ಕಾಯ್ದೆ ಇದಕ್ಕಿಂತ ವಾಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆಮೇಲೆ ಮಾಡಿದ ತಿದ್ದುಪಡಿ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ನಮ್ಮ ಕಡೆ ಒಮ್ಮೆ ಮರಕ್ಕೆ ಅಂಟಿಸಿದ ನೋಟಿಸ್ ಓದಿದೆ. ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ ಇತ್ತು. ಕೆಲಸ ಯಾವುದು, ನಕ್ಷೆ ಎಲ್ಲಿ ಸಿಗುತ್ತದೆ, ಬೇರೆ ದಾರಿ ಯೋಚನೆ ಮಾಡಿದ್ದಾರಾ, ಒಂದೂ ಇರಲಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋದರೆ ‘ನಕ್ಷೆ ಬೇಕಾದರೆ ಮಾಹಿತಿ ಹಕ್ಕಲ್ಲಿ ಕೇಳಿ ಮೇಡಂ’ ಅಂದರು. ಅರ್ಜಿ ಬರೆಯಲು ಕೂತರೆ ಕರ್ನಾಟಕದ ನಿಯಮ: ಒಂದೇ ವಿಷಯ, 150 ಪದ. ನಕ್ಷೆ ಒಂದು ವಿಷಯ, ಮರದ ಎಣಿಕೆ ಇನ್ನೊಂದು ವಿಷಯ ಅಂತ ವಾಪಸ್ ಬಂತು. ಅಷ್ಟರಲ್ಲಿ ಆಕ್ಷೇಪಣೆಯ ದಿನ ಮುಗಿದಿತ್ತು.

ಕೆರೆಗಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾವು ಬದುಕುತ್ತಿರುವುದು ಅದರ ಅಂಚಲ್ಲಿ. 2015ರ ಹೊತ್ತಿಗೆ ಬೆಳ್ಳಂದೂರು, ವರ್ತೂರು ಕೋಡಿಗಳ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯುತ್ತಿತ್ತು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ, ಸೈನಿಕರು ಬಂದು ಆರಿಸಬೇಕಾಯಿತು. ಎನ್‌ಜಿಟಿ ತಾನಾಗಿಯೇ ಕೇಸು ತೆಗೆದುಕೊಂಡು 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು, 500 ಕೋಟಿ ಬೇರೆಯಾಗಿ ತೆಗೆದಿಡಲು ಹೇಳಿತು. ಆ ದಂಡದ ದುಡ್ಡು ನಮ್ಮದೇ ತೆರಿಗೆ ಅನ್ನುವುದು ಬೇರೆ ಮಾತು. ಬೆಂಕಿ ಬೀಳುವ ಮೊದಲು ಯಾವ ಯಾವ ಕಟ್ಟಡದ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಣ ಘಟಕ) ಎಷ್ಟು ನೀರು ಬಿಡಲು ಒಪ್ಪಿಗೆ ಇತ್ತು, ಯಾರು ಮೀರಿದ್ದರು ಎಂಬ ವಹಿ ಕೆರೆ ಸುತ್ತಲಿನವರ ಕಣ್ಣಿಗೆ ಬಿದ್ದಿದ್ದರೆ? ರಾತ್ರಿ ಎರಡು ಗಂಟೆಗೆ ಯಾವ ಮೋರಿಯಲ್ಲಿ ನೀರಿನ ಬಣ್ಣ ಬದಲಾಗುತ್ತದೆ ಅನ್ನುವುದು ಅಲ್ಲಿ ಮಲಗುವವರಿಗೆ ಗೊತ್ತು. ಅದು ತಪ್ಪೋ ಸರಿಯೋ ಅಂತ ಹೇಳಲು ಅವರ ಕೈಯಲ್ಲಿ ಕಾಗದ ಇಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳ ನೀರು ಪರೀಕ್ಷೆ ಮಾಡಿ ಫಲಿತಾಂಶವನ್ನು ವೆಬ್‌ಸೈಟಿಗೆ ಹಾಕುತ್ತದೆ. ಅದನ್ನು ಮೆಚ್ಚಬೇಕು. ‘ಡಿ’ ವರ್ಗ ಅಂದರೆ ಮೀನು, ಪ್ರಾಣಿಪಕ್ಷಿಗೆ ಆಗುತ್ತದೆ, ‘ಇ’ ಅಂದರೆ ನೀರಾವರಿಗೋ ಕಾರ್ಖಾನೆಯ ತಂಪಿಗೋ ಮಾತ್ರ. ಕೆರೆಯಲ್ಲಿ ಬಲೆ ಬೀಸುವವರಿಗೆ ಈ ವ್ಯತ್ಯಾಸ ದೊಡ್ಡದು. ಏರಿ ಮೇಲೆ ‘ಈಜುವುದನ್ನು ನಿಷೇಧಿಸಲಾಗಿದೆ’ ಅಂತ ಬೋರ್ಡ್ ಇರುತ್ತದೆ. ಅದೇ ಕಂಬಕ್ಕೆ ಈ ತಿಂಗಳ ನೀರಿನ ವರ್ಗ ಬರೆದ ಇನ್ನೊಂದು ತಗಡು ಹೊಡೆಯಲು ಎಷ್ಟು ಖರ್ಚಾಗುತ್ತದೆ?

ಬಫರ್, ಅಂದರೆ ಕೆರೆ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ, ಅದರ ವಿಷಯವೂ ಹಾಗೆಯೇ. 2016ರಲ್ಲಿ ಎನ್‌ಜಿಟಿ ಕೆರೆಗೆ 75 ಮೀಟರ್ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಮಾಸ್ಟರ್ ಪ್ಲಾನಿನ 30 ಮೀಟರೇ ಸರಿ ಅಂದಿತು. 2025ರ ಆಗಸ್ಟ್‌ನಲ್ಲಿ ಕೆರೆಯ ವಿಸ್ತೀರ್ಣ ನೋಡಿ ಬಫರ್ ಕಡಿಮೆ ಮಾಡುವ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಇಷ್ಟು ಸಲ ಗೆರೆ ಆಚೀಚೆ ಆಗುವಾಗ ಆ ಗೆರೆಯ ಒಳಗೂ ಹೊರಗೂ ಮನೆ ಕಟ್ಟಿಕೊಂಡವರಿಗೆ ಒಂದು ನಕ್ಷೆ ತೋರಿಸಿದವರು ಯಾರು? ಸಾಲ ಮಾಡಿ 30/40 ಸೈಟ್ ಕೊಂಡವರು ಬುಲ್ಡೋಜರ್ ಬಂದ ದಿನ ತಮ್ಮದು ರಾಜಕಾಲುವೆ ಅಂತ ಮೊದಲ ಸಲ ಕೇಳುತ್ತಾರೆ.

ಹೊರದೇಶಗಳಲ್ಲಿ ಇದಕ್ಕೆ ಒಪ್ಪಂದಗಳೇ ಇವೆ. 1998ರಲ್ಲಿ ಡೆನ್ಮಾರ್ಕಿನ ಆರ್ಹಸ್ ಊರಿನಲ್ಲಿ ಯುರೋಪಿನ ದೇಶಗಳು ಸಹಿ ಹಾಕಿದವು: ಪರಿಸರದ ಮಾಹಿತಿ ಸಿಗಬೇಕು, ತೀರ್ಮಾನದಲ್ಲಿ ಜನರ ಮಾತು ಇರಬೇಕು, ತಪ್ಪಾದರೆ ಕೋರ್ಟಿನ ಬಾಗಿಲು ತೆರೆದಿರಬೇಕು. ಲ್ಯಾಟಿನ್ ಅಮೆರಿಕದವರು 2018ರಲ್ಲಿ ಕೋಸ್ಟಾರಿಕಾದ ಎಸ್ಕಜುವಿನಲ್ಲಿ ಇಂಥದ್ದೇ ಮಾಡಿಕೊಂಡರು. ಭಾರತ ಎರಡರಲ್ಲೂ ಇಲ್ಲ. ನನಗೆ ಅದರ ಬಗ್ಗೆ ದೊಡ್ಡ ಬೇಸರವಿಲ್ಲ. ನಮ್ಮದೇ ಕಾಯ್ದೆಗಳಲ್ಲಿ ಇರುವುದನ್ನು ಪಾಲಿಸಿದರೆ ಬೆಂಗಳೂರಿಗೆ ಸದ್ಯಕ್ಕೆ ಸಾಕು.

ಭಾಷೆಯ ವಿಷಯದಲ್ಲಿ ಕೋರ್ಟುಗಳು ಆಗಲೇ ದಾರಿ ತೋರಿಸಿವೆ. 2020ರಲ್ಲಿ ಕೇಂದ್ರ ಸರ್ಕಾರ ಹೊಸ ಪರಿಸರ ಅಧಿಸೂಚನೆಯ ಕರಡು ತಂದಾಗ ಅದು ಇದ್ದದ್ದು ಹಿಂದಿ, ಇಂಗ್ಲಿಷಿನಲ್ಲಿ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ನಮ್ಮ ಹೈಕೋರ್ಟ್ ಕೂಡ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ದೆಹಲಿಯವರು ಕನ್ನಡದಲ್ಲಿ ಕೊಡಬೇಕು ಅಂತ ನಾವು ಕೇಳುವುದಾದರೆ ಬೆಂಗಳೂರಿನ ಕಚೇರಿಗಳು ಕೊಡುವುದಕ್ಕೆ ಏನು ಅಡ್ಡಿ?

ಈಗ ನನ್ನ ಕೋರಿಕೆಗೆ ಬರುತ್ತೇನೆ. ಪರಿಸರ ಅನುಮತಿಗೆ ಅರ್ಜಿ ಬಂದ ಪ್ರತಿ ಯೋಜನೆಗೂ, ಆಲಿಕೆ ಸಭೆ ಕಡ್ಡಾಯ ಇರಲಿ ಬಿಡಲಿ, ನಾಲ್ಕು ಪುಟದ ಕನ್ನಡ ಸಾರಾಂಶ ಮತ್ತು ಒಂದು ನಕ್ಷೆಯನ್ನು ತೀರ್ಮಾನಕ್ಕೆ 30 ದಿನ ಮೊದಲು ಆ ವಾರ್ಡ್ ಕಚೇರಿಯಲ್ಲಿ ಇಡಿಸಿ. ಯಾವ ಸರ್ವೇ ನಂಬರ್, ಯಾವ ಕೆರೆ, ಎಷ್ಟು ಮರ, ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ. ಇಷ್ಟೇ ಸಾಕು. ಕೇಂದ್ರದ ಅಧಿಸೂಚನೆ ಸಭೆ ಬೇಡ ಅಂದಿರಬಹುದು, ಕಾಗದ ತೋರಿಸಬೇಡಿ ಅಂದಿಲ್ಲ. ಅನುಮತಿ ಕೊಟ್ಟ ದಿನವೇ ಪೂರ್ತಿ ಕಡತ ಸ್ಕ್ಯಾನ್ ಆಗಿ ಹೊರಗೆ ಬರಲಿ, ಆಗ ಆ 90 ದಿನದಲ್ಲಿ 75 ದಿನ ಟಪಾಲಿನಲ್ಲಿ ಕಳೆಯುವುದಿಲ್ಲ. ಮರದ ನೋಟಿಸಿಗೆ ನಕ್ಷೆ ಲಗತ್ತಾಗಲಿ.

ಇನ್ನೊಂದು, ಎನ್‌ಜಿಟಿಯ ದಕ್ಷಿಣ ಪೀಠ ಇರುವುದು ಚೆನ್ನೈನಲ್ಲಿ. ಅರ್ಜಿ ಶುಲ್ಕ ಸಾವಿರ ರೂಪಾಯಿ, ಅದು ಭಾರ ಅಲ್ಲ. ವಿಡಿಯೊದಲ್ಲಿ ವಿಚಾರಣೆ ಬಂದ ಮೇಲೆ ಸ್ವಲ್ಪ ಸಲೀಸಾಗಿದೆ, ನಿಜ. ಆದರೆ ಅಲ್ಲಿನ ವಕೀಲರನ್ನು ಹಿಡಿಯಬೇಕು, ಪಹಣಿಯಿಂದ ಹಿಡಿದು ಗ್ರಾಮ ನಕ್ಷೆವರೆಗೆ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿಸಬೇಕು. ಶಿಮ್ಲಾ, ಶಿಲ್ಲಾಂಗ್, ಜೋಧಪುರಗಳಿಗೆ ಸಂಚಾರಿ ಪೀಠ ಇದೆ. ಬೆಂಗಳೂರಿಗೂ ಬರಲಿ ಅಂತ ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಬಹುದು. ಪೀಠ ಬಂದರೆ ಸರ್ಕಾರದ ಮೇಲೇ ಕೇಸು ಜಾಸ್ತಿ ಬೀಳಬಹುದು, ಅದೂ ಗೊತ್ತು. ಆದರೂ ಕೇಳುತ್ತಿದ್ದೇನೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕೇಳಲು ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆ ಬಂದಿವೆ. ಹೊಸ ಕಚೇರಿಗಳಿಗೆ ಹೊಸ ಪದ್ಧತಿ ಕಲಿಸುವುದು ಹಳೆಯದನ್ನು ತಿದ್ದುವುದಕ್ಕಿಂತ ಸುಲಭ.

ಈ ಪತ್ರವನ್ನು ‘ಮುಂದಿನ ಕ್ರಮಕ್ಕಾಗಿ’ ಅಂತ ಬರೆದು ಯಾವುದೋ ಒಂದು ಇಲಾಖೆಗೆ ಕಳುಹಿಸಬೇಡಿ ಎಂದು ಕೋರುತ್ತೇನೆ. ಅರಣ್ಯ, ಪರಿಸರ, ನಗರಾಭಿವೃದ್ಧಿ, ಸಣ್ಣ ನೀರಾವರಿ, ಕಂದಾಯ, ಎಲ್ಲವೂ ನಿಮ್ಮ ಮಾತು ಕೇಳುತ್ತವೆ ಎಂದೇ ನಿಮಗೆ ಬರೆದದ್ದು. ಆಗುವುದಾದರೆ ಯಾವ ತಾರೀಖಿಗೆ, ಆಗದಿದ್ದರೆ ಯಾವ ಕಾರಣಕ್ಕೆ ಅಂತ ಕನ್ನಡದಲ್ಲಿ ಒಂದು ಉತ್ತರ ಕೊಡಿಸಿ. 10 ರೂಪಾಯಿ ಶುಲ್ಕ ಬೇಕಿದ್ದರೆ ಅದನ್ನೂ ಕಟ್ಟುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವರ್ತೂರು ಕೆರೆ ಪಕ್ಕದ ಒಬ್ಬ ನಿವಾಸಿ